ಗಡುವು ಚಿಕ್ಕದಾದರೆ ಸರಕು ಅಪರೂಪವಾಗುತ್ತದೆಯೇ?

ಇಪ್ಪತ್ತನಾಲ್ಕು ಗಂಟೆ ಮಾತ್ರ ಮಾರಾಟ, ಆಮೇಲೆ ಈ ಕಾರ್ಡ್ ಮತ್ತೆ ಮುದ್ರಣವಾಗುವುದಿಲ್ಲ. ಈ ಒಂದು ಸಾಲಿನ ಮೇಲೆ ಇವತ್ತು ಅಮೆರಿಕದಲ್ಲಿ ದೊಡ್ಡ ವ್ಯಾಪಾರವೇ ನಿಂತಿದೆ. ಬೇಸ್‌ಬಾಲ್ ಆಟಗಾರನ ಚಿತ್ರದ ಕಾರ್ಡಿಗೆ ಇರುವ ಕ್ರಮವೇ 2024ರಲ್ಲಿ ಪದ್ಧತಿ ಬದಲಾಗುವವರೆಗೆ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದ ಮಾಂತ್ರಿಕನ ಚಿತ್ರಕ್ಕೂ ಇತ್ತು. ಮೊದಲು ಹಣ ಕಟ್ಟಬೇಕು. ಗಡುವು ಮುಗಿದ ಮೇಲೆ ಎಷ್ಟು ಆರ್ಡರ್ ಬಂದಿದೆಯೋ ಅಷ್ಟು ಮುದ್ರಣವಾಗುತ್ತದೆ. ಕೆಲವು ವಾರ ಅಥವಾ ತಿಂಗಳ ನಂತರ ಕಾರ್ಡ್ ಮನೆಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಕಾರ್ಡ್‌ಗಿಂತ ಬೆಲೆ ಹಲವು ಪಟ್ಟು ಹೆಚ್ಚು. ಹೆಚ್ಚು ಏಕೆ ಎಂದು ಕೇಳಿದರೆ ಬರುವ ಉತ್ತರ: ಇದು ಸೀಮಿತ ಆವೃತ್ತಿ.

ಇದು ಅಮೆರಿಕದವರ ಖಯಾಲಿ, ನಮಗೇಕೆ ಎನ್ನುವಂತಿಲ್ಲ. ಪುಣೆಯ ಹಿಂಜೆವಾಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಒಎಂಆರ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಮೇಜಿನ ಮೇಲೆ ಇಂಥ ಕಾರ್ಡ್‌ಗಳನ್ನು ಪ್ಲಾಸ್ಟಿಕ್ ಕವಚದಲ್ಲಿ ನಾನು ಕಂಡಿದ್ದೇನೆ. ಕೆಲವರು ಆಟಕ್ಕೆ ಕೊಳ್ಳುತ್ತಾರೆ, ಕೆಲವರು ಚಿತ್ರದ ಮೋಹಕ್ಕೆ. ಕೆಲವರು 'ಇನ್ವೆಸ್ಟ್‌ಮೆಂಟ್' ಎನ್ನುತ್ತಾರೆ. ನನ್ನ ತಕರಾರು ಇರುವುದು ಈ ಮೂರನೆಯ ಗುಂಪಿನ ಲೆಕ್ಕದ ಬಗ್ಗೆ, ಆ ಲೆಕ್ಕಕ್ಕೆ ಗಾಳಿ ಹಾಕುವ 'ಸೀಮಿತ' ಎಂಬ ಪದದ ಬಗ್ಗೆ.

ಭೋಸರಿಯ ಪ್ಯಾಕೇಜಿಂಗ್ ಮುದ್ರಣಾಲಯವೊಂದರಲ್ಲಿ ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಔಷಧದ ಡಬ್ಬಿಯಿಂದ ಮಕ್ಕಳ ಟ್ರಂಪ್ ಕಾರ್ಡಿನವರೆಗೆ ಯಾವುದನ್ನು ಎಷ್ಟು ಮುದ್ರಿಸಿದರೆ ತಲಾ ಎಷ್ಟು ಬೀಳುತ್ತದೆ ಎಂದು ಹೇಳುವುದೇ ನನ್ನ ಅನ್ನ. ಹಾಗಾಗಿ ಈ ಕಾರ್ಡ್‌ಗಳ ಬೆಲೆಯನ್ನು ಅಭಿಮಾನಿಯ ಕಣ್ಣಿಗಿಂತ ಮೊದಲು ಮುದ್ರಕನ ಕಣ್ಣಿನಿಂದ ನೋಡುತ್ತೇನೆ.

ಕಾಗದದ ಲೆಕ್ಕ

ಆಫ್‌ಸೆಟ್ ಮುದ್ರಣದಲ್ಲಿ ಮೊದಲ ಹಾಳೆಯೇ ದುಬಾರಿ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು. ಮಷಿನ್ ಹೊಂದಿಸಬೇಕು, ಬಣ್ಣ ಕೂರುವವರೆಗೆ ನೂರಾರು ಹಾಳೆ ವೇಸ್ಟೇಜ್‌ಗೆ ಹೋಗುತ್ತದೆ. ಮಿರುಗುವ ಫಾಯಿಲ್ ಬೇಕೆಂದರೆ ಅದಕ್ಕೆ ಬೇರೆ ಖರ್ಚು, ಕತ್ತರಿಸುವ ಡೈಗೆ ಮತ್ತೊಂದು. ಇಷ್ಟೂ ಖರ್ಚು ನೂರು ಕಾರ್ಡ್ ಮುದ್ರಿಸಿದರೂ ಬರುತ್ತದೆ, ಲಕ್ಷ ಮುದ್ರಿಸಿದರೂ ಬರುತ್ತದೆ. 'ಮ್ಯಾಜಿಕ್' ಕಾರ್ಡ್‌ಗಳ ಒಂದು ಹಾಳೆಯಲ್ಲಿ ಅಡ್ಡ ಹನ್ನೊಂದು, ಉದ್ದ ಹನ್ನೊಂದು, ಒಟ್ಟು 121 ಕಾರ್ಡ್ ಕೂರುತ್ತವೆ. ಒಮ್ಮೆ ಮಷಿನ್ ಓಡಲು ಶುರುವಾದರೆ ಆಮೇಲಿನ ಪ್ರತಿ ಕಾರ್ಡಿಗೆ ಬೀಳುವುದು ಕಾಗದ, ಶಾಯಿ, ಕತ್ತರಿಸುವ ಕೂಲಿ ಮಾತ್ರ.

ಇದರಿಂದ ಒಂದು ಮಾತು ಸ್ಪಷ್ಟ. ನಿಜಕ್ಕೂ ಕಡಿಮೆ ಮುದ್ರಿಸಿದರೆ ತಲಾ ಖರ್ಚು ಹೆಚ್ಚು, ಆಗ ಬೆಲೆ ಹೆಚ್ಚಿಡುವುದರಲ್ಲಿ ನ್ಯಾಯವಿದೆ. ಐನೂರು ಕಾರ್ಡ್‌ಗಾಗಿ ಕಲಾವಿದನಿಗೆ ಸಂಭಾವನೆ ಕೊಟ್ಟು, ಆಟಗಾರನ ಚಿತ್ರದ ಹಕ್ಕಿಗೆ ಹಣ ಕಟ್ಟಿ, ಪ್ಲೇಟ್ ಮಾಡಿಸಿ, ಒಂದೊಂದನ್ನೂ ಬೇರೆ ಬೇರೆ ವಿಳಾಸಕ್ಕೆ ಪ್ಯಾಕ್ ಮಾಡಿ ಕಳಿಸುವ ಕಂಪನಿ ಸಾಧಾರಣ ಕಾರ್ಡಿನ ಬೆಲೆಗೆ ಮಾರಲಾರದು.

ಆದರೆ ಆರ್ಡರ್ ಬಂದಷ್ಟು ಮುದ್ರಿಸುವ ಪದ್ಧತಿಯಲ್ಲಿ ಮುದ್ರಕನ ಬಹುದೊಡ್ಡ ಭಯವೇ ಇಲ್ಲ. ಅದು ಉಳಿಕೆ ಮಾಲಿನ ಭಯ. ಯಾವ ಪ್ರಕಾಶಕನನ್ನು ಬೇಕಾದರೂ ಕೇಳಿ, ಪುಸ್ತಕದ ಬೆಲೆಯೊಳಗೆ ಮಾರಾಟವಾಗದೆ ಗೋದಾಮಿನಲ್ಲಿ ದೂಳು ತಿನ್ನುವ ಪ್ರತಿಗಳ ಖರ್ಚೂ ಸೇರಿರುತ್ತದೆ. ಅಂಗಡಿಯವನ ಕಮಿಷನ್, ವಿತರಕನ ಪಾಲು, ವಾಪಸು ಬಂದ ಮಾಲು, ಸಾಲದ ಬಡ್ಡಿ ಎಲ್ಲವೂ ಸೇರಿರುತ್ತವೆ. ಇಲ್ಲಿ ಅವ್ಯಾವುವೂ ಇಲ್ಲ. ಉಳಿಕೆ ಸೊನ್ನೆ, ನಡುವೆ ಅಂಗಡಿಯಿಲ್ಲ, ಹಣ ಮುಂಗಡ. ಕೊಳ್ಳುವವನೇ ಕಂಪನಿಗೆ ಬಡ್ಡಿಯಿಲ್ಲದ ಬಂಡವಾಳ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾನೆ. ನಮ್ಮ ಕಾರ್ಖಾನೆಗೆ ಇಂಥ ಗಿರಾಕಿ ಸಿಕ್ಕರೆ ರಿಯಾಯಿತಿ ಕೊಟ್ಟು, ಮೇಲೆ ಚಹಾ ಕುಡಿಸಿ ಕಳಿಸುತ್ತೇವೆ. ಕಾರ್ಡ್ ಲೋಕದಲ್ಲಿ ಅದೇ ಗಿರಾಕಿ ಹೆಚ್ಚು ಬೆಲೆ ಕೊಡುತ್ತಾನೆ.

ಇಪ್ಪತ್ತು ಡಾಲರ್‌ನ ಒಂದು ಪಾಠ

ಟಾಪ್ಸ್ ಅಮೆರಿಕದ ಹಳೆಯ ಕಾರ್ಡ್ ಕಂಪನಿ. 2016ರಲ್ಲಿ ಅದು 'ಟಾಪ್ಸ್ ನೌ' ಎಂಬ ಸರಣಿ ಶುರು ಮಾಡಿತು. ನಿನ್ನೆಯ ಪಂದ್ಯದ ದೊಡ್ಡ ಗಳಿಗೆ ಇವತ್ತು ಕಾರ್ಡ್ ಆಗಿ 24 ಗಂಟೆ ಮಾರಾಟಕ್ಕಿರುತ್ತಿತ್ತು, ಬೆಲೆ 9.99 ಡಾಲರ್. ಗಡುವು ಮುಗಿದ ಮೇಲೆ ಎಷ್ಟು ಮುದ್ರಿಸಿದೆವು ಎಂಬ ಸಂಖ್ಯೆಯನ್ನು ಕಂಪನಿ ಪ್ರಕಟಿಸುತ್ತಿತ್ತು. ಸಂಖ್ಯೆ ಪ್ರಕಟಿಸಿದ್ದು ಒಳ್ಳೆಯ ಪದ್ಧತಿ. ಪ್ರಾಮಾಣಿಕತೆಯ ವಿಷಯದಲ್ಲಿ ಅದಕ್ಕೆ ಅಂಕ ಕೊಡಲೇಬೇಕು.

2020ರಲ್ಲಿ ಅದೇ ಕಂಪನಿ 'ಪ್ರಾಜೆಕ್ಟ್ 2020' ತಂದಿತು. ಇಪ್ಪತ್ತು ಪ್ರಸಿದ್ಧ ಹಳೆಯ ಬೇಸ್‌ಬಾಲ್ ಕಾರ್ಡ್‌ಗಳನ್ನು ಇಪ್ಪತ್ತು ಕಲಾವಿದರು ತಮ್ಮ ತಮ್ಮ ಶೈಲಿಯಲ್ಲಿ ಮತ್ತೆ ಚಿತ್ರಿಸಿದರು, ಒಟ್ಟು 400 ಕಾರ್ಡ್. ಒಂದೊಂದಕ್ಕೆ 19.99 ಡಾಲರ್, 48 ಗಂಟೆಯ ಗಡುವು. ಶುರುವಿನಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೊದಮೊದಲ ಕಾರ್ಡ್‌ಗಳು ಒಂದೆರಡು ಸಾವಿರದ ಆಸುಪಾಸಿನಲ್ಲಿ ಮುದ್ರಣವಾದವು. ಕೋವಿಡ್ ಕಾಲ. ಜನ ಮನೆಯಲ್ಲಿದ್ದರು, ಕೈಯಲ್ಲಿ ಫೋನಿತ್ತು. ಆ ಮೊದಲ ಕಾರ್ಡ್‌ಗಳ ಮರುಮಾರಾಟದ ಬೆಲೆ ಏರತೊಡಗಿತು. ಇಪ್ಪತ್ತು ಡಾಲರ್ ಹಾಕಿದರೆ ನೂರಾರು ಡಾಲರ್ ಎಂಬ ಸುದ್ದಿ ಹಬ್ಬಿತು.

ಮುಂದೆ ಏನಾಯಿತೆಂದು ಕೋಲಾರದ ಟೊಮೆಟೊ ಬೆಳೆಗಾರನಿಗೆ ಹೇಳಬೇಕಾಗಿಲ್ಲ. ಈ ವರ್ಷ ಬೆಲೆ ಏರಿದರೆ ಮುಂದಿನ ಸಲ ಎಲ್ಲರೂ ಟೊಮೆಟೊ ಹಾಕುತ್ತಾರೆ, ಫಸಲು ಬರುವ ಹೊತ್ತಿಗೆ ಮಾರುಕಟ್ಟೆ ತುಂಬಿ ತುಳುಕಿ ಹಣ್ಣು ರಸ್ತೆಗೆ ಬೀಳುತ್ತದೆ. ಇಲ್ಲೂ ಹಾಗೆಯೇ ಆಯಿತು. ಎಲ್ಲರೂ ಆರ್ಡರ್ ಹಾಕಿದರು. ಆರ್ಡರ್ ಹಾಕಿದಷ್ಟೂ ಮುದ್ರಣವಾಯಿತು. ಎರ್ಮ್ಸಿ ಎಂಬ ಕಲಾವಿದ ಮಾಡಿದ ಮೈಕ್ ಟ್ರೌಟ್ ಕಾರ್ಡ್ 74,862 ಪ್ರತಿ, ಕೀತ್ ಶೋರ್ ಮಾಡಿದ ಕೆನ್ ಗ್ರಿಫಿ ಜೂನಿಯರ್ ಕಾರ್ಡ್ 99,177 ಪ್ರತಿ. ಬಿಡಿ ಬೆಲೆಯಲ್ಲಿ ಲೆಕ್ಕ ಹಾಕಿದರೆ ಆ ಒಂದೇ ಕಾರ್ಡಿನಿಂದ 19.8 ಲಕ್ಷ ಡಾಲರ್. ಕೊಂಡವರಲ್ಲಿ ಅನೇಕರಿಗೆ ಆ ಕಾರ್ಡ್ ಹಾಕಿದ ಬೆಲೆಗೂ ಹೋಗಲಿಲ್ಲ.

ಇಲ್ಲಿ ಟೊಮೆಟೊಗೂ ಕಾರ್ಡಿಗೂ ಒಂದು ವ್ಯತ್ಯಾಸವಿದೆ. ಟೊಮೆಟೊ ಬೆಲೆ ಕುಸಿದರೆ ರೈತ ಸೋಲುತ್ತಾನೆ. ಕಾರ್ಡಿನ ಬೆಲೆ ಕುಸಿದರೆ ಬೆಳೆದವನಿಗೆ ಏನೂ ಆಗುವುದಿಲ್ಲ, ಅವನ ಹಣ ಮೊದಲೇ ಬಂದಿರುತ್ತದೆ. ಎರಡು ಸಾವಿರ ಮುದ್ರಿಸಿದಾಗಲೂ 19.99, ಲಕ್ಷದ ಹತ್ತಿರ ಮುದ್ರಿಸಿದಾಗಲೂ 19.99. ಪ್ರತಿ ಹೆಚ್ಚಿದಂತೆ ತಲಾ ಖರ್ಚು ಇಳಿಯಿತು. ಇಳಿದ ಖರ್ಚಿನ ಲಾಭ ಗಿರಾಕಿಗೆ ಒಂದು ಸೆಂಟೂ ಬರಲಿಲ್ಲ.

ಈ ಪದ್ಧತಿಯ ಒಳಗುಟ್ಟು ಇಷ್ಟೇ. ಗಡುವಿನೊಳಗೆ ಆ ಬೆಲೆಗೆ ಬೇಕೆಂದವರಿಗೆಲ್ಲ ಕಾರ್ಡ್ ಸಿಕ್ಕಿರುತ್ತದೆ. ಯಾರಿಗೂ ಇಲ್ಲವೆಂದು ಹೇಳಿಲ್ಲ. ಹಾಗಾದರೆ ನಾಳೆ ಅದೇ ಕಾರ್ಡಿಗೆ ಹೆಚ್ಚು ಬೆಲೆ ಕೊಡುವವರು ಯಾರು? ಗಡುವಿನ ದಿನ ಮಲಗಿದ್ದವರು, ಅಥವಾ ಆಮೇಲೆ ಹೊಸದಾಗಿ ಆಸಕ್ತಿ ಹುಟ್ಟಿದವರು. ಇಂಥವರು ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಇವರ ಸಂಖ್ಯೆ, ಮಾರಲು ಕುಳಿತವರ ಸಂಖ್ಯೆಗಿಂತ ಹೆಚ್ಚಿರಬೇಕು. 'ಸೀಮಿತ' ಎಂಬ ಪದ ಮುಚ್ಚಿಡುವುದು ಇದನ್ನೇ. ಸೀಮಿತವಾಗಿರುವುದು ಕಾಲ. ಸಂಖ್ಯೆಗೆ ಮಿತಿಯೇ ಇಲ್ಲ.

ಅಪರೂಪ ಹುಟ್ಟುವುದು ಹೇಗೆ

ದೊಡ್ಡ ಬೆಲೆಗೆ ಹೋದ ಹಳೆಯ ಕಾರ್ಡ್‌ಗಳ ಕಥೆ ಬೇರೆ. 1952ರ ಟಾಪ್ಸ್ ಮಿಕಿ ಮ್ಯಾಂಟಲ್ ಕಾರ್ಡ್ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಆ ಕಾರ್ಡನ್ನು ಯಾರೂ ಸೀಮಿತ ಆವೃತ್ತಿ ಎಂದು ಮುದ್ರಿಸಿರಲಿಲ್ಲ. ಆ ಸರಣಿಯ ಕೊನೆಯ ಕಂತು ತಡವಾಗಿ ಬಂದು ಮಾರಾಟವಾಗದೆ ಉಳಿಯಿತು. ಅದನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಂತೆ, 1960ರಲ್ಲಿ ಉಳಿಕೆ ಮಾಲನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಮನೆ ಸೇರಿದ ಕಾರ್ಡ್‌ಗಳನ್ನು ಮಕ್ಕಳು ಆಡಿ ಹರಿದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು, ತಾಯಂದಿರು ಮನೆ ಖಾಲಿ ಮಾಡುವಾಗ ಕಸಕ್ಕೆ ಹಾಕಿದರು. ಉಳಿದ ಕೆಲವರ ಪೈಕಿ ಮೂಲೆ ಮುರಿಯದೆ ಉಳಿದದ್ದು ಇನ್ನೂ ಕಡಿಮೆ. ಅಪರೂಪವನ್ನು ಹುಟ್ಟಿಸಿದ್ದು ಅಲಕ್ಷ್ಯ ಮತ್ತು ಕಾಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ 1948ರ ಗಾಂಧಿ ಅಂಚೆಚೀಟಿ ಇದೆ. ಹತ್ತು ರೂಪಾಯಿಯ ಆ ಚೀಟಿಯ ಮೇಲೆ 'ಸರ್ವಿಸ್' ಎಂದು ಮುದ್ರೆ ಒತ್ತಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ನೂರು ಪ್ರತಿ ಮಾಡಿದ್ದರು. ಸಂಗ್ರಹಕಾರನಿಗೆ ಮಾರುವುದಕ್ಕೆ ಮಾಡಿದ ಸರಕಲ್ಲ, ಕಚೇರಿಯ ಲಕೋಟೆಗೆ ಅಂಟಿಸುವುದಕ್ಕೆ ಮಾಡಿದ್ದು. ಅದರಲ್ಲಿ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡ್‌ಗೆ ಮಾರಾಟವಾಯಿತು.

ಇಂದಿನ ಕಾರ್ಡ್ ಹುಟ್ಟುವಾಗಲೇ ಅಪರೂಪದ ಪಟ್ಟ ಕಟ್ಟಿಕೊಂಡು ಬರುತ್ತದೆ. ಕೊಂಡವನು ಅದನ್ನು ಬರಿಗೈಯಲ್ಲಿ ಮುಟ್ಟುವುದೂ ಇಲ್ಲ, ಲಕೋಟೆಯಿಂದ ತೆಗೆದು ನೇರವಾಗಿ ಪ್ಲಾಸ್ಟಿಕ್‌ಗೆ ಹಾಕುತ್ತಾನೆ. ಮೂವತ್ತು ವರ್ಷ ಕಳೆದರೂ ತೊಂಬತ್ತೊಂಬತ್ತು ಸಾವಿರದಲ್ಲಿ ತೊಂಬತ್ತು ಸಾವಿರ ಕಾರ್ಡ್ ಹೊಚ್ಚ ಹೊಸದರಂತೆಯೇ ಇದ್ದರೆ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಎಂಬತ್ತರ ದಶಕದ ಕೊನೆ, ತೊಂಬತ್ತರ ದಶಕದ ಆರಂಭದ ಕಾರ್ಡ್‌ಗಳಿಗೆ ಇದೇ ಗತಿಯಾಯಿತು. ಎಲ್ಲರೂ ಜೋಪಾನ ಮಾಡಿದರು, ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು. ಆ ಕಾಲದ ಬಹುಪಾಲು ಪೆಟ್ಟಿಗೆಗಳಿಗೆ ಇವತ್ತು ಗಿರಾಕಿಯಿಲ್ಲ. ಅಲ್ಲಿನ ಸಂಗ್ರಹಕಾರರೇ ಆ ಕಾಲಕ್ಕೆ ಕಸದ ಯುಗ ಎಂಬರ್ಥದ ಹೆಸರಿಟ್ಟಿದ್ದಾರೆ.

ಇನ್ನೊಂದು ದಾರಿಯೂ ಸುಲಭವಲ್ಲ

ಹಾಗಾದರೆ ಸಂಖ್ಯೆಗೇ ಮಿತಿ ಹಾಕಿದರೆ ಸರಿಹೋಯಿತಲ್ಲ ಎನ್ನಬಹುದು. ಅದರ ಅನುಭವವೂ ಕಣ್ಣ ಮುಂದಿದೆ. 'ಮ್ಯಾಜಿಕ್' ಆಟದ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ 2019ರ ಡಿಸೆಂಬರ್‌ನಲ್ಲಿ 'ಸೀಕ್ರೆಟ್ ಲೇರ್' ಎಂಬ ಸರಣಿ ಆರಂಭಿಸಿತು. ಹೊಸ ಚಿತ್ರವಿರುವ ನಾಲ್ಕೈದು ಕಾರ್ಡ್‌ಗಳ ಕಟ್ಟಿಗೆ ಸಾಮಾನ್ಯವಾಗಿ 29.99 ಡಾಲರ್, ಫಾಯಿಲ್ ಇದ್ದರೆ 39.99. ಗಡುವಿನೊಳಗೆ ಬಂದ ಆರ್ಡರ್‌ಗೆ ತಕ್ಕಷ್ಟು ಮುದ್ರಣ. ದೂರು ಇದ್ದದ್ದು ತಡದ ಬಗ್ಗೆ. ಹಣ ಕಟ್ಟಿ ಮರೆತೇಹೋದ ಮೇಲೆ ಕಾರ್ಡ್ ಬರುತ್ತಿತ್ತು.

2024ರಲ್ಲಿ ಕಂಪನಿ ಪದ್ಧತಿ ಬದಲಿಸಿತು. ಮೊದಲೇ ಇಷ್ಟು ಎಂದು ಮುದ್ರಿಸಿಟ್ಟು ಮಾರುವುದು, ಬೇಗ ಕಳಿಸುವುದು. ಬೇಗ ಬಂತು, ನಿಜ. ಅದರ ಜೊತೆಗೆ ಸರತಿ ಸಾಲೂ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಮಾರ್ವೆಲ್ ಪಾತ್ರಗಳ ಕಟ್ಟುಗಳು ಬಂದಾಗ ಆಟಗಾರರು ಗಂಟೆಗಟ್ಟಲೆ ಕಂಪ್ಯೂಟರ್ ಮುಂದೆ ಸಾಲಿನಲ್ಲಿ ಕಾದರು, ಸರದಿ ಬರುವಷ್ಟರಲ್ಲಿ ಮಾಲು ಮುಗಿದಿತ್ತು. ಅದೇ ಕಟ್ಟುಗಳು ಮರುಮಾರಾಟಗಾರರ ಬಳಿ ಏರಿದ ಬೆಲೆಗೆ ಕಾಣಿಸಿಕೊಂಡವು. ದೀಪಾವಳಿಗೆ ಊರಿಗೆ ಹೋಗಲು ತತ್ಕಾಲ್ ಟಿಕೆಟ್‌ಗೆ ಬೆಳಿಗ್ಗೆ ಕುಳಿತು ಕೈಸುಟ್ಟುಕೊಂಡ ನಮಗೆ ಈ ದೃಶ್ಯ ಹೊಸದಲ್ಲ.

ಆದ್ದರಿಂದ ಎರಡೂ ಒಟ್ಟಿಗೆ ಸಿಗುವುದಿಲ್ಲ. ಬೇಕಾದವರಿಗೆಲ್ಲ ಸಿಗಬೇಕು ಎಂದರೆ ಮರುಮಾರಾಟದ ಲಾಭದ ಆಸೆ ಬಿಡಬೇಕು. ಲಾಭ ಬರಬೇಕು ಎಂದರೆ ಯಾರಿಗಾದರೂ ಸಿಗದೆ ಹೋಗಬೇಕು. ನನ್ನನ್ನು ಕೇಳಿದರೆ ಆರ್ಡರ್‌ಗೆ ತಕ್ಕಷ್ಟು ಮುದ್ರಿಸುವ ಪದ್ಧತಿಯೇ ಹೆಚ್ಚು ಮರ್ಯಾದಸ್ಥ ಪದ್ಧತಿ. ಅಲ್ಲಿ ದಲ್ಲಾಳಿಗೆ ಕೆಲಸವಿಲ್ಲ. ಇಷ್ಟಪಟ್ಟವನಿಗೆ ಇಷ್ಟಪಟ್ಟದ್ದು ಸಿಗುತ್ತದೆ. ನನ್ನ ಆಕ್ಷೇಪ ಪದ್ಧತಿಯ ಮೇಲಲ್ಲ, ಆ ಪದ್ಧತಿಗೆ ಹೊಂದದ ಬೆಲೆಯನ್ನೂ ಹೊಂದದ ಪದವನ್ನೂ ಅದಕ್ಕೆ ಅಂಟಿಸುವುದರ ಮೇಲೆ.

ಮಾರುವವರ ಮಾತಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೂ ಇದೇ ಆಟದ ಇತಿಹಾಸದಲ್ಲಿ ಪಾಠವಿದೆ. 1995ರಲ್ಲಿ 'ಕ್ರಾನಿಕಲ್ಸ್' ಎಂಬ ಸಂಪುಟದಲ್ಲಿ ಹಳೆಯ ಕಾರ್ಡ್‌ಗಳನ್ನು ಮರುಮುದ್ರಿಸಿದಾಗ ಸಂಗ್ರಹಕಾರರು ಕೆರಳಿದರು. 1996ರಲ್ಲಿ ಕಂಪನಿ, ಇಂತಿಂಥ ಕಾರ್ಡ್‌ಗಳನ್ನು ಇನ್ನೆಂದೂ ಮರುಮುದ್ರಿಸುವುದಿಲ್ಲ ಎಂದು ಪಟ್ಟಿ ಹೊರಡಿಸಿತು. ಆ ಪಟ್ಟಿಯ ಕಾರ್ಡ್‌ಗಳಿಗೆ ಇಂದಿಗೂ ಇರುವ ಬೆಲೆಯಲ್ಲಿ ಆ ಮಾತಿನ ಪಾಲು ದೊಡ್ಡದು. ಆದರೆ 2022ರ ನವೆಂಬರ್ 28ರಂದು ಮೂವತ್ತನೇ ವರ್ಷದ ನೆನಪಿಗೆಂದು ಅದೇ ಕಂಪನಿ ಮೊದಲ ವರ್ಷದ ಕಾರ್ಡ್‌ಗಳ ಪ್ರತಿರೂಪಗಳನ್ನು ಮಾರಾಟಕ್ಕಿಟ್ಟಿತು. ನಾಲ್ಕು ಪೊಟ್ಟಣ, ಒಟ್ಟು 60 ಕಾರ್ಡ್, 999 ಡಾಲರ್. ಹಿಂಬದಿ ಬೇರೆ, ಅಧಿಕೃತ ಪಂದ್ಯದಲ್ಲಿ ಆಡುವಂತಿಲ್ಲ. ತಲಾ ಹದಿನಾರೂವರೆ ಡಾಲರ್ ಮೇಲೆ ಬಿತ್ತು, ಅದೂ ಒಳಗೆ ಯಾವ ಕಾರ್ಡ್ ಇದೆಯೆಂದು ಗೊತ್ತಿಲ್ಲದೆ. ಅದೇ ತಿಂಗಳು ಬ್ಯಾಂಕ್ ಆಫ್ ಅಮೆರಿಕದ ವಿಶ್ಲೇಷಕರು, ಮ್ಯಾಜಿಕ್ ಕಾರ್ಡ್‌ಗಳನ್ನು ಅತಿಯಾಗಿ ಮುದ್ರಿಸಿ ಬ್ರ್ಯಾಂಡಿನ ಬೆಲೆಯನ್ನೇ ಕೆಡಿಸಲಾಗುತ್ತಿದೆ ಎಂದು ಹೇಳಿ ಮಾತೃಸಂಸ್ಥೆ ಹ್ಯಾಸ್‌ಬ್ರೋ ಷೇರಿನ ದರ್ಜೆ ಇಳಿಸಿದರು.

ಇಲ್ಲಿಂದ ಕೊಳ್ಳುವವರ ಲೆಕ್ಕ

ಪುಣೆಯ ಕನ್ನಡದ ಹುಡುಗನೊಬ್ಬ, ಧಾರವಾಡದ ಕಡೆಯವನು, ಇಂಥದೇ ಒಂದು ಸರಣಿಯ ಒಂದೇ ಕಾರ್ಡನ್ನು ಹತ್ತು ಪ್ರತಿ ತರಿಸಿದ್ದ. ಇದರ ಬಗ್ಗೆ ಮಾತು ಬಂದಾಗ ಅವನು ಹೇಳಿದ್ದು: "ಅಲ್ರಿ ಅಣ್ಣಾರ, ಶೇರು ಬಿದ್ರ ಕೈಯಾಗ ಏನೂ ಉಳಿಯೂದಿಲ್ಲ. ಇದು ಬಿದ್ರೂ ಕಾರ್ಡರ ಇರ್ತೈತಲ್ರಿ."

ಮಾತು ಕೇಳಲು ಚೆನ್ನಾಗಿದೆ. ನಾನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ಇದು. ಕಾರ್ಡ್ 20 ಡಾಲರ್. ಕಳಿಸುವ ವೆಚ್ಚ, ಕಸ್ಟಮ್ಸ್ ಸುಂಕ, ಕೊರಿಯರ್‌ನವನ ಶುಲ್ಕ, ಕ್ರೆಡಿಟ್ ಕಾರ್ಡಿನ ವಿದೇಶಿ ವಿನಿಮಯದ ಕಮಿಷನ್ ಎಲ್ಲ ಸೇರಿ ತಲಾ 12 ಡಾಲರ್ ಎಂದು ಹಿಡಿಯೋಣ. ಮನೆ ಬಾಗಿಲಿಗೆ ಬರುವಾಗ 32 ಆಯಿತು. ಇದಕ್ಕೆ ಹೆಚ್ಚಿನ ಬೆಲೆ ಕೊಡುವ ಗಿರಾಕಿ ಇರುವುದು ಅಮೆರಿಕದಲ್ಲಿ. ಅಲ್ಲಿಗೆ ಜೋಪಾನವಾಗಿ ವಾಪಸು ಕಳಿಸಲು 10 ಡಾಲರ್ ಎಂದಿಟ್ಟುಕೊಳ್ಳಿ. ಮಾರಾಟದ ತಾಣ ಶೇ 13ರಷ್ಟು ಶುಲ್ಕ ಕಿತ್ತುಕೊಳ್ಳುತ್ತದೆ ಎಂದು ಹಿಡಿದರೆ, ನಷ್ಟವಿಲ್ಲದೆ ಹೊರಬರಲು ಆ ಕಾರ್ಡ್ 48 ಡಾಲರ್‌ಗೆ ಮಾರಾಟವಾಗಬೇಕು. ಎರಡೂವರೆ ಪಟ್ಟಿನ ಹತ್ತಿರ ಏರಿದರೂ ಕೈಗೆ ಬರುವ ಲಾಭ ಸೊನ್ನೆ. ಟೆಕ್ಸಸ್‌ನಲ್ಲಿ ಕುಳಿತವನಿಗೆ ಈ ವ್ಯಾಪಾರ ಗಿಟ್ಟಿದರೂ ಪುಣೆಯಲ್ಲಿ ಕುಳಿತವನಿಗೆ ಗಿಟ್ಟುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಒಂದ ಇಟ್ಕೊಂಡು ಉಳದದ್ದು ಗೆಳ್ಯಾರಿಗೆ ಕೊಡ್ತೀನ್ರಿ" ಎಂದ. ಒಳ್ಳೆಯ ತೀರ್ಮಾನ.

ಈಚೆಗೆ ಇದಕ್ಕೆ ಇನ್ನೊಂದು ಆಮಿಷ ಸೇರಿದೆ. ಸಾಧಾರಣ ಆರ್ಡರ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಸಂಖ್ಯೆ ಒತ್ತಿದ ಬಣ್ಣದ ಕಾರ್ಡ್, ಸಹಿ ಇರುವ ಕಾರ್ಡ್ ಸೇರಿಸುತ್ತಾರೆ. ನಿಮ್ಮ ಲಕೋಟೆಯಲ್ಲೂ ಬರಬಹುದು ಎಂಬ ಆಸೆಗೆ ಜನ ಹತ್ತು ಹತ್ತು ಪ್ರತಿ ಕೊಳ್ಳುತ್ತಾರೆ. ಆ ಕ್ಷಣದಿಂದ ಅದು ಕಾರ್ಡ್ ವ್ಯಾಪಾರವಲ್ಲ, ಲಾಟರಿ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಅದಕ್ಕೆ ಮೊದಲು ಸಂಬಳದ ದಿನ ಬಸ್ ಸ್ಟ್ಯಾಂಡಿನ ಲಾಟರಿ ಗೂಡಂಗಡಿಗಳ ಮುಂದೆ ಏನಾಗುತ್ತಿತ್ತು ಎಂಬುದು ನಮ್ಮ ವಯಸ್ಸಿನವರಿಗೆ ನೆನಪಿದೆ. ಚಿತ್ರ ಚೆಂದವಿದೆ ಎಂದ ಮಾತ್ರಕ್ಕೆ ಜೂಜಿನ ಸ್ವಭಾವ ಬದಲಾಗುವುದಿಲ್ಲ. ಅದರಲ್ಲೂ ಅಪ್ಪನ ಫೋನಿನಿಂದ ಆರ್ಡರ್ ಹಾಕುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು.

ಹೆಚ್ಚು ಬೆಲೆ ನ್ಯಾಯವಾಗುವುದು ಎಲ್ಲಿ

ಹಾಗೆಂದು ಮುದ್ರಣ ವೆಚ್ಚಕ್ಕಿಂತ ಹೆಚ್ಚು ಕೇಳಿದ್ದೆಲ್ಲ ಲೂಟಿ ಎನ್ನುವ ಪಕ್ಷ ನನ್ನದಲ್ಲ. ಹಾಗೆ ಹೊರಟರೆ ಪುಸ್ತಕದ ಬೆಲೆ ಕಾಗದದ ಬೆಲೆ, ಸಂಗೀತ ಕಛೇರಿಯ ಟಿಕೆಟ್ ಕುರ್ಚಿಯ ಬಾಡಿಗೆ ಎಂದಾದೀತು. ಜನ ಕಾಗದಕ್ಕೆ ಹಣ ಕೊಡುವುದಿಲ್ಲ, ಕಾಗದದ ಮೇಲಿರುವುದಕ್ಕೆ ಕೊಡುತ್ತಾರೆ.

ಅಂಚೆ ಇಲಾಖೆಯ 'ಮೈ ಸ್ಟ್ಯಾಂಪ್' ನೋಡಿ. 2011ರಲ್ಲಿ ದೆಹಲಿಯ ಇಂಡಿಪೆಕ್ಸ್ ಪ್ರದರ್ಶನದಲ್ಲಿ ಆರಂಭವಾದ ಯೋಜನೆ. ನಮ್ಮದೇ ಫೋಟೊ ಕೊಟ್ಟರೆ ಅಂಚೆಚೀಟಿಯ ಪಕ್ಕದಲ್ಲಿ ಮುದ್ರಿಸಿ ಕೊಡುತ್ತಾರೆ. ಐದು ರೂಪಾಯಿಯ 12 ಚೀಟಿಗಳ ಹಾಳೆಗೆ 300 ರೂಪಾಯಿ ಇಟ್ಟಿದ್ದರು. ಅರವತ್ತು ರೂಪಾಯಿಯ ಚೀಟಿಗೆ ಐದು ಪಟ್ಟು. ಇದೂ ಹೇಳಿ ಮಾಡಿಸುವ ಮುದ್ರಣವೇ. ಆದರೂ ಮೋಸ ಹೋದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಆ ಹಾಳೆ ಮಾಡಿಸಿದವನು ಅದನ್ನು ಮಾರಲು ಮಾಡಿಸಿಲ್ಲ. ಅವನಿಗೆ ಬೇಕಾದದ್ದು ಅಂದೇ ಕೈಗೆ ಸಿಕ್ಕಿದೆ.

ಇನ್ನೊಂದು ಉದಾಹರಣೆ ಮಹಾರಾಷ್ಟ್ರದಲ್ಲಿರುವ ನಮಗೆ ಕೂಗಳತೆಯಲ್ಲಿದೆ. ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿಯಲ್ಲಿ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಚಿತ್ರಿಸುತ್ತಾರೆ. ದಶಾವತಾರ ಗಂಜೀಫಾ ಎಂದರೆ ಹತ್ತು ಬಗೆ, 120 ದುಂಡನೆಯ ಎಲೆ. ಪ್ರತಿಯೊಂದಕ್ಕೂ ಬಣ್ಣ, ಪ್ರತಿಯೊಂದಕ್ಕೂ ಅರಗಿನ ಹೊಳಪು. ಮೈಸೂರಿಗೂ ಇದರ ಪರಂಪರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಎಲೆ ಆಟಗಳನ್ನೇ ರೂಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ದಾಖಲಿಸಿದರು. ಮೈಸೂರು ಗಂಜೀಫಾಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಂಥ ಒಂದು ಕಟ್ಟು ಸಾವಿರಾರು ರೂಪಾಯಿ ಎಂದರೆ ನನ್ನೊಳಗಿನ ಎಸ್ಟಿಮೇಟರ್ ತಲೆ ಬಾಗುತ್ತಾನೆ. ಅಲ್ಲಿ ನೂರನೆಯ ಎಲೆಗೆ ಮೊದಲನೆಯ ಎಲೆಯಷ್ಟೇ ದುಡಿಮೆ ಬೀಳುತ್ತದೆ. ಸಂಖ್ಯೆಗೆ ಮಿತಿ ಹಾಕುವುದು ಕಲಾವಿದನ ಕೈ ಮತ್ತು ದಿನದ ಬೆಳಕು. ಅದಕ್ಕೆ ಜಾಹೀರಾತು ಬೇಕಿಲ್ಲ.

ಈ ಎರಡು ಉದಾಹರಣೆಗಳ ನಡುವೆ ಕಾರ್ಡ್‌ಗಳ ಜಾಗವನ್ನು ಗುರುತಿಸಬಹುದು. ನಿಮ್ಮ ಮೆಚ್ಚಿನ ಆಟಗಾರನ ಮೆಚ್ಚಿನ ಗಳಿಗೆ, ನಿಮಗೆ ಇಷ್ಟವಾದ ಕಲಾವಿದನ ಗೆರೆ, ಮೇಜಿನ ಮೇಲೆ ಇಟ್ಟು ದಿನವೂ ನೋಡುವ ಸುಖ. ಇದಕ್ಕೆ ಎರಡು ಸಾವಿರ ರೂಪಾಯಿ ಹೆಚ್ಚೆನಿಸದಿದ್ದರೆ ಅದು ಹೆಚ್ಚಲ್ಲ. ಬಹುಮಹಡಿ ಮಾಲ್‌ನಲ್ಲಿ ಕುಟುಂಬ ಸಮೇತ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಅಷ್ಟು ಹೋಗುತ್ತದೆ, ಮನೆಗೆ ಏನೂ ಬರುವುದಿಲ್ಲ. ಆದರೆ ಆ ಎರಡು ಸಾವಿರದಲ್ಲಿ ಎಷ್ಟು ಭಾಗ ಚಿತ್ರದ ಮೇಲಿನ ಪ್ರೀತಿಗೆ, ಎಷ್ಟು ಭಾಗ ನಾಳೆ ಏರುವ ಬೆಲೆಯ ಆಸೆಗೆ ಎಂದು ಕೊಳ್ಳುವ ಮೊದಲು ಬೇರೆ ಮಾಡಿ ನೋಡಬೇಕು. ಮೊದಲನೆಯ ಭಾಗ ಖರ್ಚು, ಸಂತೋಷದಿಂದ ಮಾಡಿ. ಎರಡನೆಯ ಭಾಗಕ್ಕೆ ಈ ಪದ್ಧತಿಯಲ್ಲಿ ಆಧಾರವಿಲ್ಲ.

ಮಾರುವವರೂ ನಾಲ್ಕು ಕೆಲಸ ಮಾಡಿದರೆ ಹೆಚ್ಚು ಬೆಲೆ ಕೇಳುವ ಹಕ್ಕು ಅವರಿಗಿದೆ ಎಂದು ಒಪ್ಪುತ್ತೇನೆ. ಸಂಖ್ಯೆಗೆ ಮೇಲ್ಮಿತಿ ಇಲ್ಲದಿದ್ದರೆ 'ಸೀಮಿತ' ಎನ್ನದೆ 'ಗಡುವಿನ ಆವೃತ್ತಿ' ಎನ್ನಬೇಕು. ಮುದ್ರಿಸಿದ ಸಂಖ್ಯೆಯನ್ನು ತಪ್ಪದೆ ಪ್ರಕಟಿಸಬೇಕು. ಅದೇ ಚಿತ್ರವನ್ನು ಮತ್ತೆ ಮುದ್ರಿಸುತ್ತೀರೋ ಇಲ್ಲವೋ ಎಂದು ಬರೆದು ಕೊಡಬೇಕು. ಇಷ್ಟು ಸಾವಿರ ದಾಟಿದರೆ ಬೆಲೆ ಇಷ್ಟು ಇಳಿಯುತ್ತದೆ, ಹೆಚ್ಚುವರಿ ಹಣ ವಾಪಸು ಎಂದು ಮೊದಲೇ ಹೇಳಬೇಕು. ನಾಲ್ಕನೆಯದು ದೊಡ್ಡ ಮಾತೇನಲ್ಲ. ಸಾವಿರಕ್ಕೆ ಒಂದು ದರ, ಹತ್ತು ಸಾವಿರಕ್ಕೆ ಇನ್ನೊಂದು ದರ ಎಂದು ಬರೆಯದ ಕೊಟೇಶನ್ ನಮ್ಮ ಭೋಸರಿಯಲ್ಲಿ ಹೊರಗೇ ಹೋಗುವುದಿಲ್ಲ. ಕಾರ್ಡ್ ಕಂಪನಿಗೆ ಅದರ ಮುದ್ರಕನೂ ಖಂಡಿತ ಹಾಗೆಯೇ ದರ ಕೊಟ್ಟಿರುತ್ತಾನೆ. ಆ ಇಳಿಕೆ ಕೊನೆಯ ಗಿರಾಕಿಯ ತನಕ ತಲುಪುವುದಿಲ್ಲ, ಅಷ್ಟೆ.

ಅಲ್ಲಿಯವರೆಗೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಕಾರ್ಡನ್ನು ಇನ್ನು ಯಾರೂ ಯಾವ ಬೆಲೆಗೂ ಕೊಳ್ಳುವುದಿಲ್ಲ ಎಂದು ಇವತ್ತೇ ಗೊತ್ತಾದರೂ ಇದು ನನಗೆ ಬೇಕೇ? ಬೇಕು ಎಂದರೆ ಗಡುವು ಮುಗಿಯುವುದರೊಳಗೆ ಒಂದೇ ಒಂದು ತರಿಸಿಕೊಳ್ಳಿ. ಯೋಚಿಸಬೇಕು ಎನಿಸಿದರೆ ಆ ಇಪ್ಪತ್ತನಾಲ್ಕು ಗಂಟೆ ಹಾಗೆಯೇ ಕಳೆದುಹೋಗಲಿ. ನಾಳೆ ಇನ್ನೊಂದು ಸೀಮಿತ ಆವೃತ್ತಿ ಬಂದೇ ಬರುತ್ತದೆ.